ಮಸೀದಿಯ ದೀಪಕ್ಕೆ ಗಾಜು ಊದಿದವರು

ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಅರ್ಧಕ್ಕೆ ನೀರು ತುಂಬಿ, ಮೇಲೆ ಎರಡು ಚಮಚ ಎಣ್ಣೆ ಹೊಯ್ದು, ತೇಲುವ ಬತ್ತಿ ಇಟ್ಟು ಹಚ್ಚಿದರೆ ಈದ್‌ನ ಮುನ್ನಾ ರಾತ್ರಿಗೆ ಚೆಂದದ ದೀಪವೊಂದು ಸಿದ್ಧ. ಎಣ್ಣೆ ಪರಿಮಳದ್ದಾದರೆ ಕೋಣೆಯೂ ಘಮಘಮಿಸುತ್ತದೆ. ಈಗ ಇಂಥವು ಸುವಾಸನೆಯ ಮೇಣ ತುಂಬಿದ ಭರಣಿಗಳಾಗಿ ಪೇಟೆಯಲ್ಲೇ ಸಿಗುತ್ತವೆ. ಇದೆಲ್ಲ ಹೊಸ ಕಾಲದ ಶೋಕಿ ಎಂದು ಹಿರಿಯರು ಗೊಣಗುವುದನ್ನು ನಾವು ಕೇಳಿದ್ದೇವೆ. ಆದರೆ ಗಾಜು, ಎಣ್ಣೆ, ಪರಿಮಳ ಮೂರೂ ಕೂಡಿದ ಈ ದೀಪದ ಚರಿತ್ರೆ ಹದಿಮೂರು ಶತಮಾನ ಹಿಂದಕ್ಕೆ ಹೋಗುತ್ತದೆ, ಮತ್ತು ಅದು ನಮ್ಮನ್ನು ಮಸೀದಿಯ ಒಳಗೇ ಕರೆದೊಯ್ಯುತ್ತದೆ.

ಮಸೀದಿಯಲ್ಲಿ ಮೊದಲು ದೀಪ ಹಚ್ಚಿದವರು ತಮೀಮುದ್ದಾರೀ(ರ) ಎಂದು ಇಬ್ನು ಮಾಜಃರ ಹದೀಸ್ ಸಂಗ್ರಹ ಹೇಳುತ್ತದೆ. ಅವರು ಫೆಲೆಸ್ತೀನ್ ಕಡೆಯವರು, ಇಸ್ಲಾಮ್ ಸ್ವೀಕರಿಸುವ ಮುನ್ನ ಕ್ರೈಸ್ತರಾಗಿದ್ದವರು. ಪ್ರವಾದಿಯವರ(ಸ) ಮಸೀದಿಗೆ ಧೂಪ ಹಾಕುತ್ತಿದ್ದ ನುಐಮ್ ಎಂಬವರ ಹೆಸರಿಗೆ 'ಅಲ್ ಮುಜ್ಮಿರ್' ಎಂಬ ಬಿರುದು ಅಂಟಿಕೊಂಡಿತು. ಧೂಪ ಹಾಕುವವ ಎಂಬುದೇ ಅದರ ಅರ್ಥ. ಹದೀಸ್ ವರದಿಗಾರರಾಗಿ ವಿದ್ವಾಂಸರು ಅವರನ್ನು ಇಂದಿಗೂ ಆ ಬಿರುದಿನಿಂದಲೇ ಗುರುತಿಸುತ್ತಾರೆ. ಮಾಡುವ ಕೆಲಸವೇ ಗೌರವದ ಹೆಸರಾಗಿದ್ದ ಕಾಲವದು.

ಬೆಳಕೂ ಪರಿಮಳವೂ ಒಂದೇ ದೀಪದಲ್ಲಿ ಕೂಡಿದ್ದನ್ನು ಕಾಣಲು ಜೆರೂಸಲೇಮ್‌ಗೆ ಹೋಗಬೇಕು. ಖಲೀಫ ಅಬ್ದುಲ್ ಮಲಿಕ್ ಅಲ್ಲಿ ಕಟ್ಟಿಸಿದ ಕುಬ್ಬತುಸ್ಸಖ್ರಾದ ಮೇಲೆ ಹಿಜರಿ 72, ಅಂದರೆ ಕ್ರಿ.ಶ. 691-92ರ ಕಾಲ ಬರೆದಿದೆ. ಅಲ್ಲಿನ ಸೇವೆಯ ಕ್ರಮವನ್ನು ಅರಬ್ ಇತಿಹಾಸಕಾರರು ವಿವರವಾಗಿ ಬರೆದಿಟ್ಟಿದ್ದಾರೆ. ಸೋಮವಾರ ಮತ್ತು ಗುರುವಾರಕ್ಕೆಂದು ಕೇಸರಿಯನ್ನು ಅರೆದು, ಕಸ್ತೂರಿ, ಅಂಬರ್ ಮತ್ತು ಗುಲಾಬಿ ನೀರಿನೊಂದಿಗೆ ಬೆರೆಸಿ ರಾತ್ರಿಯಿಡೀ ಇಡುತ್ತಿದ್ದರು. ಬೆಳಗ್ಗೆ ಸೇವಕರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಆ ಲೇಪವನ್ನು ಬಂಡೆಗೆ ಹಚ್ಚುತ್ತಿದ್ದರು. ಆಮೇಲೆ ಪರದೆಗಳನ್ನು ಇಳಿಬಿಟ್ಟು ಒಳಗೆ ಊದ್ ಧೂಪ ಹಾಕುತ್ತಿದ್ದರು. ಪರದೆ ಎತ್ತಿದಾಗ ಪರಿಮಳ ಪೇಟೆಯ ತನಕ ಹರಡುತ್ತಿತ್ತಂತೆ. ಅಲ್ಲಿ ನಮಾಝ್ ಮಾಡಿ ಬಂದವರನ್ನು ಜನರು ಬಟ್ಟೆಯ ಸುವಾಸನೆಯಿಂದಲೇ ಗುರುತಿಸುತ್ತಿದ್ದರಂತೆ.

ಅಲ್ಲಿನ ದೀಪಗಳಿಗೆ ಹಾಕುತ್ತಿದ್ದುದು ಮಲ್ಲಿಗೆಯ ಎಣ್ಣೆ ಮತ್ತು 'ಬಾನ್' ಎಣ್ಣೆ. ಈ ಬಾನ್ ಬೇರೇನೂ ಅಲ್ಲ, ನಮ್ಮ ಸಾರಿನ ನುಗ್ಗೆಯ ಜಾತಿಗೇ ಸೇರಿದ ಅರಬ್ ನಾಡಿನ ಮರ. ಅದರ ಬೀಜದ ಎಣ್ಣೆಗೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಕಮಟುವುದೂ ಇಲ್ಲ. ಹೂವಿನ ಪರಿಮಳವನ್ನು ಹಿಡಿದಿಡಲು ಅತ್ತರು ತಯಾರಕರಿಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಬೇಕಿರಲಿಲ್ಲ.

ಗಾಜು ಯಾರದ್ದು? ಅದೇ ವರದಿಗಳು ಹೇಳುವಂತೆ ಆ ದೀಪಗಳಿಗೆ ಗಾಜಿನ ಪಾತ್ರೆಗಳನ್ನು ಮಾಡಿಕೊಡುತ್ತಿದ್ದವರು ಯಹೂದಿ ಕುಟುಂಬಗಳು. ಬತ್ತಿ ಹೊಸೆಯುವವರೂ ಅವರಲ್ಲಿದ್ದರು. ಈ ಸೇವೆಗಾಗಿ ಅವರಿಗೆ ಜಿಝಿಯಾದಿಂದ ವಿನಾಯಿತಿ ಇತ್ತು. ನಾವು ಈ ವಿವರದ ಬಳಿ ತುಸು ಹೊತ್ತು ನಿಲ್ಲಬಯಸುತ್ತೇವೆ. ಇಂದು ಜೆರೂಸಲೇಮ್ ಎಂದೊಡನೆ ನೆನಪಾಗುವುದು ಗುಂಡು, ಗೋಡೆ ಮತ್ತು ಕಾವಲು. ಅದೇ ಗುಮ್ಮಟದ ಕೆಳಗೆ ಮುಸ್ಲಿಮರು ಸುಜೂದ್‌ಗೆ ಬಾಗಿದಾಗ ಅವರ ಮೇಲೆ ಬಿದ್ದ ಬೆಳಕು ಯಹೂದಿಯೊಬ್ಬ ಊದಿದ ಗಾಜಿನಿಂದ ಬರುತ್ತಿತ್ತು ಎಂದು ಬರೆದಿಟ್ಟವರು ಹೊರಗಿನವರಲ್ಲ, ಮುಸ್ಲಿಂ ಇತಿಹಾಸಕಾರರೇ.

ಹಬ್ಬದ ದೀಪಾಲಂಕಾರದ ವೈಭವ ಕಾಣುವುದು ಈಜಿಪ್ಟಿನಲ್ಲಿ. ಹನ್ನೊಂದನೆಯ ಶತಮಾನದ ನಡುವೆ ಅಲ್ಲಿಗೆ ಹೋದ ಪರ್ಶಿಯನ್ ಪ್ರವಾಸಿ ನಾಸಿರ್ ಖುಸ್ರೋ, ಫುಸ್ತಾತ್‌ನ ಅಮ್ರ್ ಮಸೀದಿಯಲ್ಲಿ ಹಬ್ಬದ ರಾತ್ರಿಗಳಂದು ಏಳು ನೂರಕ್ಕೂ ಹೆಚ್ಚು ದೀಪ ಉರಿಯುತ್ತಿದ್ದವೆಂದು ಬರೆದಿದ್ದಾನೆ. ಇನ್ನೂರು ವರ್ಷಗಳ ನಂತರ ಮಮ್ಲೂಕರ ಆಳ್ವಿಕೆಯಲ್ಲಿ ಈಜಿಪ್ಟ್ ಮತ್ತು ಸಿರಿಯಾದ ಕಸುಬುದಾರರು ಮಾಡಿದ ಮಸೀದಿ ದೀಪಗಳನ್ನು ಇಂದಿಗೂ ಮೀರಿಸಿದವರಿಲ್ಲ. ಅಗಲ ಬಾಯಿ, ಗುಂಡು ಹೊಟ್ಟೆ, ಕೆಳಗೊಂದು ಪಾದ. ಹೊಟ್ಟೆಯ ಸುತ್ತ ಸರಪಣಿ ಸಿಕ್ಕಿಸಲು ಗಾಜಿನ ಕಿವಿಗಳು. ಒಳಗೆ ಸಣ್ಣ ಪಾತ್ರೆ, ಅದರಲ್ಲಿ ನೀರು, ನೀರ ಮೇಲೆ ಎಣ್ಣೆ ಮತ್ತು ಬತ್ತಿ. ಎಣ್ಣೆ ತೀರಿದರೆ ಬತ್ತಿ ನೀರು ಮುಟ್ಟಿ ತಾನೇ ಆರುತ್ತದೆ. ನಾವು ಮೊದಲು ಹೇಳಿದ ಉಪ್ಪಿನಕಾಯಿ ಬಾಟಲಿಯ ಉಪಾಯವೂ ಇದೇ.

ಹೊರಮೈ ಮೇಲೆ ಬಣ್ಣದ ಮೀನಾಕಾರಿ ಮತ್ತು ಚಿನ್ನದ ಲೇಪ. ಕತ್ತಿನ ಸುತ್ತ ಬಹುತೇಕ ಸೂರಃ ಅನ್ನೂರ್‌ನ 35ನೇ ಸೂಕ್ತ. ದೇವನ ಬೆಳಕಿಗೆ ಗಾಜಿನೊಳಗಿನ ದೀಪವನ್ನು ಹೋಲಿಸುವ ಆ ಸೂಕ್ತ, ದೀಪ ಹಚ್ಚಿದ ಕೂಡಲೇ ಅಕ್ಷರ ಅಕ್ಷರವಾಗಿ ಬೆಳಗುತ್ತಿತ್ತು. ಹೊಟ್ಟೆಯ ಮೇಲೆ ದೀಪ ಕೊಟ್ಟ ಸುಲ್ತಾನನ ಅಥವಾ ಅಮೀರನ ಹೆಸರು, ಬಿರುದು, ಲಾಂಛನ. ಮಾಡಿದವನ ಹೆಸರು ಸಿಗುವುದು ಬಲು ಅಪರೂಪ. ಕೈರೋದಲ್ಲಿ 1356ರಲ್ಲಿ ಕಟ್ಟಲು ತೊಡಗಿದ ಸುಲ್ತಾನ್ ಹಸನ್ ಮಸೀದಿಯಿಂದ ಬಂದ ಹಲವು ದೀಪಗಳು ಅಲ್ಲಿನ ಇಸ್ಲಾಮೀ ಕಲಾ ಮ್ಯೂಸಿಯಂನಲ್ಲಿವೆ. 2014ರ ಜನವರಿಯಲ್ಲಿ ಎದುರಿನ ಪೊಲೀಸ್ ಕಚೇರಿಗೆ ಗುರಿಯಿಟ್ಟ ಕಾರ್ ಬಾಂಬ್ ಸಿಡಿದಾಗ ಅಲ್ಲಿದ್ದ ಕೆಲವು ದೀಪಗಳು ಚೂರಾದವು. ಚೂರುಗಳನ್ನು ಆಯ್ದು, ಒಂದಕ್ಕೊಂದು ಅಂಟಿಸಿ ಜೋಡಿಸಿದರು. 2017ರಲ್ಲಿ ಮ್ಯೂಸಿಯಂ ಮತ್ತೆ ತೆರೆಯಿತು.

ಈ ಕಸುಬು ಅಳಿದದ್ದೇಕೆ? 1348ರ ಪ್ಲೇಗ್ ಅದಾಗಲೇ ಊರುಗಳನ್ನು ಬರಿದು ಮಾಡಿತ್ತು. 1401ರಲ್ಲಿ ತೈಮೂರ್ ದಮಾಸ್ಕಸ್ ಸೂರೆ ಮಾಡಿ, ಕುಶಲಕರ್ಮಿಗಳನ್ನು ಸಮರ್ಖಂದ್‌ಗೆ ಎಳೆದೊಯ್ದ. ಕೈ ಹೋದ ಮೇಲೆ ಕಲೆ ಉಳಿಯುವುದೆಲ್ಲಿ? 1569ರಲ್ಲಿ ಉಸ್ಮಾನೀ ಮಹಾವಝೀರ್ ಸೊಕೊಲ್ಲು ಮೆಹ್ಮದ್ ಪಾಶಾ ಮಸೀದಿಗೆ ದೀಪ ಬೇಕಾದಾಗ ವೆನಿಸ್‌ಗೆ ಬೇಡಿಕೆ ಕಳುಹಿಸಿದ, ಒಂದೆರಡಲ್ಲ, ಒಂಬೈನೂರು! ದೀಪದ ಚಿತ್ರ ಬರೆದು ಕಳುಹಿಸಬೇಕಾಯಿತು. ಇಂಥದೇ ಮಾತು ನಮ್ಮ ಕಾಲದಲ್ಲೂ ಕೇಳಿಬಂತು. ಕೈರೋದ ಮಕ್ಕಳು ರಮಝಾನಿನಲ್ಲಿ ಹಿಡಿದು ತಿರುಗುವ ತಗಡು-ಗಾಜಿನ 'ಫಾನೂಸ್' ಜಾಗದಲ್ಲಿ ಹಾಡು ಹೇಳುವ ಚೀನಾದ ಪ್ಲಾಸ್ಟಿಕ್ ಫಾನೂಸ್‌ಗಳು ತುಂಬಿಕೊಂಡು, ಕೊನೆಗೆ 2015ರಲ್ಲಿ ಈಜಿಪ್ಟ್ ಸರಕಾರ ಅವುಗಳ ಆಮದನ್ನೇ ನಿಷೇಧಿಸಿತು.

ಗಾಜಿನ ಕತೆ ಹೀಗಾಯಿತು. ಪರಿಮಳದ ಕತೆ ನಮ್ಮ ಅಂಗಳಕ್ಕೂ ಬರುತ್ತದೆ. ಅರಬರು ಧೂಪಕ್ಕೆ ಬಳಸಿದ ಅಗರುವಿಗೆ 'ಊದ್ ಹಿಂದೀ', ಅಂದರೆ ಹಿಂದ್‌ನ ಊದ್ ಎಂಬ ಹೆಸರೂ ಇದೆ. ಇನ್ನು ಇಂದು ಕರ್ನಾಟಕದಿಂದ ಜಗತ್ತಿಗೆ ಹೋಗುವ ಪರಿಮಳವೆಂದರೆ ಊದುಬತ್ತಿ. 'ಮೈಸೂರು ಅಗರಬತ್ತಿ'ಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮೈಸೂರು, ಬೆಂಗಳೂರಿನ ಮೊಹಲ್ಲಾಗಳಲ್ಲಿ ಅದನ್ನು ಮನೆಯಲ್ಲೇ ಹೊಸೆದವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ಬಹಳ. ಮಣೆಯ ಮೇಲೆ ಇದ್ದಿಲು ಪುಡಿ ಮತ್ತು ಅಂಟಿನ ತೊಗಟೆಪುಡಿ ಕಲಸಿದ ಕಪ್ಪು ಕಣಕ, ಪಕ್ಕದಲ್ಲಿ ಬಿದಿರ ಕಡ್ಡಿಯ ಕಟ್ಟು. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಅವರ ಕೈಯಿಂದ ಹೋಗುವಾಗ ಆ ಬತ್ತಿಗೆ ಪರಿಮಳವೇ ಇರುವುದಿಲ್ಲ. ಸುಗಂಧದಲ್ಲಿ ಅದ್ದುವುದು, ಹೆಸರು ಅಂಟಿಸುವುದು ಆಮೇಲೆ, ಕಾರ್ಖಾನೆಯಲ್ಲಿ.

ಆಮೇಲೆ ಯಂತ್ರಗಳು ಬಂದವು. ವಿಯೆಟ್ನಾಮಿನಿಂದ ಹೊಸೆದ ಬತ್ತಿಯೇ ಅಗ್ಗಕ್ಕೆ ಬರತೊಡಗಿ, 2019ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಆಮದಿಗೆ ನಿರ್ಬಂಧ ಹಾಕಿತು. ಈಗಲೂ ಅಲ್ಲಲ್ಲಿ ಗೃಹಿಣಿಯರು ಅಡುಗೆ ಮುಗಿಸಿ ಮಣೆಯ ಮುಂದೆ ಕೂರುತ್ತಾರೆ. ದಸರೆ, ದೀಪಾವಳಿ ಹತ್ತಿರವಾದಾಗ ಬೇಡಿಕೆ ಏರುತ್ತದೆ. ಅವರು ಹೊಸೆದ ಕಡ್ಡಿ ದೇವಸ್ಥಾನದಲ್ಲೂ ಉರಿಯುತ್ತದೆ, ದರ್ಗಾದಲ್ಲೂ ಉರಿಯುತ್ತದೆ. ಸಂಜೆ ಅವರು ಬೆರಳಿನ ಕಪ್ಪು ಹೋಗುವ ತನಕ ಸಾಬೂನು ಹಚ್ಚಿ ತಿಕ್ಕಿ ತೊಳೆದು, ಮಗ್ರಿಬ್‌ಗೆ ವುಝೂ ಮಾಡುತ್ತಾರೆ.