ಹಂದಿಗೋಡು: ಒಂದು ಕೀಲುನೋವಿನ ಮೂಲ ಹುಡುಕಿದ ಕಥೆ

ಕುಮಟಾ ತಾಲ್ಲೂಕಿನ ಕಾಗಾಲ ಕಡೆಯ ಊರುಗಳಲ್ಲಿ ಮಂಡಿನೋವು ಅಪರೂಪದ ಮಾತಲ್ಲ. ಗಜನಿ ಗದ್ದೆಯ ಕೆಸರಿನಲ್ಲಿ ದುಡಿದವರಿಗೆ, ಅಘನಾಶಿನಿಯ ಇಳಿನೀರಿನಲ್ಲಿ ಬಗ್ಗಿ ಬಳಚು ಹೆಕ್ಕಿದವರಿಗೆ, ವಯಸ್ಸು ಐವತ್ತು ದಾಟುವ ಹೊತ್ತಿಗೆ ಕಾಲು ಹೇಳಿದ ಮಾತು ಕೇಳದಂತಾಗುತ್ತದೆ. ಯಾಕೆಂದು ವಿಚಾರಿಸಿದರೆ ಸಿಗುವ ಉತ್ತರ ಒಂದೇ: ‘ವಾತ’. ಆದರೆ ಈ ಒಂದು ಶಬ್ದದ ಹಿಂದೆ ಹತ್ತಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಅಂಥದೊಂದನ್ನು ಗುರುತಿಸಲು ವೈದ್ಯಲೋಕ ವರ್ಷಗಟ್ಟಲೆ ತಡಕಾಡಿದ ಊರು ದೂರದಲ್ಲೇನೂ ಇಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ, ಮಾವಿನಗುಂಡಿ, ತಾಳಗುಪ್ಪ ದಾಟಿದರೆ ಸಾಗರ. ಅದರ ಪಕ್ಕದ ಹಳ್ಳಿಯೇ ಹಂದಿಗೋಡು.

ಕೀಲುನೋವನ್ನು ವಿಂಗಡಿಸಿ ನೋಡುವ ಪ್ರಯತ್ನ ಇಂದು ನಿನ್ನೆಯದಲ್ಲ. ಚರಕಸಂಹಿತೆ ವಾತರಕ್ತವನ್ನು ಪ್ರತ್ಯೇಕ ರೋಗವಾಗಿ ವಿವರಿಸುತ್ತದೆ. ರೋಗಲಕ್ಷಣಗಳಿಗೇ ಮೀಸಲಾದ ‘ಮಾಧವ ನಿದಾನ’ದಲ್ಲಿ ಆಮವಾತಕ್ಕೆ ಬೇರೆಯದೇ ಅಧ್ಯಾಯವಿದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡನ್‌ಹ್ಯಾಮ್ 1683ರಲ್ಲಿ ಗೌಟ್ ರೋಗದ ಕುರಿತು ಬರೆದಾಗ ಆತನೇ ಅದರಿಂದ ನರಳುತ್ತಿದ್ದ. ಆ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುತ್ತದೆಂದು 1848ರಲ್ಲಿ ತೋರಿಸಿದ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಬಳಕೆಗೆ ತಂದ. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಜೀವಂತ ಮನುಷ್ಯನ ಮೂಳೆಯನ್ನು ಕೊಯ್ಯದೆಯೇ ನೋಡುವಂತಾಯಿತು.

ಇಷ್ಟೆಲ್ಲ ಆದರೂ ವೈದ್ಯನ ಮೊದಲ ಸಾಧನ ಪ್ರಶ್ನೆಯೇ. ನೋವು ಯಾವಾಗ ಹೆಚ್ಚು? ದಿನವಿಡೀ ದುಡಿದು ಸಂಜೆ ಹೆಚ್ಚಾಗಿ, ಕುಳಿತರೆ ತಗ್ಗುವ ವಯಸ್ಸಾದವರ ಮಂಡಿನೋವು ಸಾಮಾನ್ಯವಾಗಿ ಕೀಲಿನ ಸವೆತ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಗಂಟೆಗೂ ಮೀರಿ ಬಿಗಿದುಕೊಂಡಿದ್ದು, ಕೆಲಸ ಮಾಡುತ್ತಾ ಹೋದಂತೆ ಸಡಿಲವಾದರೆ ರುಮಟಾಯ್ಡ್ ಸಂಧಿವಾತದ ಶಂಕೆ. ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿ, ಹೊದಿಕೆ ತಗುಲಿದರೂ ತಡೆಯಲಾರದಂತಾದರೆ ಗೌಟ್. ಇಪ್ಪತ್ತು, ಮೂವತ್ತರ ಯುವಕನಿಗೆ ಬೆನ್ನುನೋವು ಬೆಳಗಿನ ಜಾವ ಎಬ್ಬಿಸಿ, ಓಡಾಡಿದರೆ ಕಡಿಮೆಯಾದರೆ ಬೆನ್ನುಮೂಳೆಯ ಉರಿಯೂತವನ್ನು ನೆನೆಯಬೇಕು. ಜ್ವರದೊಂದಿಗೆ ಒಂದೇ ಕೀಲು ಕೆಂಪಗೆ ಬಿಸಿಯಾಗಿ ಊದಿದರೆ ಎಣ್ಣೆ ತಿಕ್ಕುತ್ತಾ ಕೂರುವಂತಿಲ್ಲ. ಒಳಗೆ ಸೋಂಕಿರಬಹುದು, ಅಂದೇ ಆಸ್ಪತ್ರೆ ಸೇರಬೇಕು.

ಇವೆಲ್ಲ ಒಬ್ಬ ರೋಗಿಗೆ ಕೇಳುವ ಪ್ರಶ್ನೆಗಳು. ಒಂದು ಊರೇ ಕುಂಟತೊಡಗಿದರೆ ಇನ್ನೆರಡು ಪ್ರಶ್ನೆ ಸೇರುತ್ತವೆ: ಯಾರಿಗೆ ಬಂದಿದೆ? ಯಾರಿಗೆ ಬಂದಿಲ್ಲ? 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಹರಡಿದಾಗ ಜಾತಿ, ಮನೆತನಗಳ ಭೇದವಿಲ್ಲದೆ ಜನ ಮಂಡಿ ಹಿಡಿದು ಕುಳಿತರು. ಸೊಳ್ಳೆಗೆ ಎಲ್ಲರ ರಕ್ತವೂ ಒಂದೇ. ಹಂದಿಗೋಡಿನಲ್ಲಿ ಕಂಡ ಚಿತ್ರ ಹಾಗಿರಲಿಲ್ಲ.

ಅಲ್ಲಿಯ ಕಾಯಿಲೆಯ ಸುದ್ದಿ ಹೊರಗೆ ತಿಳಿದದ್ದು 1975ರ ಸುಮಾರಿಗೆ. ಮೊದಲು ಸೊಂಟದ ಕೀಲು, ಮಂಡಿಗಳಲ್ಲಿ ನೋವು. ಬರಬರುತ್ತ ನಡಿಗೆ ಓಲಾಡುತ್ತದೆ, ಕೋಲು ಬೇಕಾಗುತ್ತದೆ, ಕೊನೆಗೆ ಕೆಲವರು ನೆಲದ ಮೇಲೆ ತೆವಳುವ ಸ್ಥಿತಿಗೆ ಬರುತ್ತಾರೆ. ಕೆಲವರು ಬಾಲ್ಯದಿಂದಲೇ ಕುಳ್ಳರಾಗಿ ಉಳಿಯುತ್ತಾರೆ. ನರಳಿದವರು ಹೆಚ್ಚಾಗಿ ಚಲವಾದಿ ಮತ್ತು ಚನ್ನಂಗಿ ಸಮುದಾಯದ ಬಡ ಕೃಷಿಕೂಲಿಗಳು. ರಟ್ಟೆ ಮತ್ತು ಕಾಲಿನ ಬಲವನ್ನೇ ನಂಬಿ ಬದುಕುವವರಿಗೆ ನಡಿಗೆ ಹೋಯಿತೆಂದರೆ ಅನ್ನವೇ ಹೋದಂತೆ.

ಮೊದಲ ಅನುಮಾನ ಬಿದ್ದದ್ದು ಗದ್ದೆಯ ಮೇಲೆ. ಹೊಸ ತಳಿಯ ಭತ್ತದ ಹಿಂದೆಯೇ ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಕೀಟನಾಶಕಗಳು ಬಂದಿದ್ದವು. ಕೂಲಿಯವರು ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ಏಡಿಯ ಮೂಲಕ ವಿಷ ಮೂಳೆಗೆ ಇಳಿಯಿತೇ? ಇದು ಹುರುಳಿಲ್ಲದ ಊಹೆಯಾಗಿರಲಿಲ್ಲ. ಜಪಾನಿನ ಟೊಯಾಮಾ ಪ್ರಾಂತದಲ್ಲಿ ಗಣಿಯಿಂದ ನದಿಗೆ ಸೇರಿದ ಕ್ಯಾಡ್ಮಿಯಂ, ಗದ್ದೆಯ ಅಕ್ಕಿಯ ಮೂಲಕ ದೇಹ ಹೊಕ್ಕು ಮೂಳೆಗಳನ್ನು ಮೆತ್ತಗಾಗಿಸಿತ್ತು. ನೋವಿನ ಉದ್ಗಾರವನ್ನೇ ಹೆಸರಾಗಿಸಿಕೊಂಡ ಆ ‘ಇಟಾಯ್ ಇಟಾಯ್’ ರೋಗಕ್ಕೆ ಮಾಲಿನ್ಯವೇ ಕಾರಣವೆಂದು ಅಲ್ಲಿಯ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತ್ತು.

ಆದರೆ ವಿಷವೇ ಕಾರಣವಾದರೆ ಅದೇ ಗದ್ದೆಯ ಏಡಿ ತಿಂದ ಎಲ್ಲ ಮನೆಗಳನ್ನೂ ಅದು ತಟ್ಟಬೇಡವೇ? ಒಂದು ಮನೆಯಲ್ಲಿ ತಂದೆ, ಮಗಳು, ಮೊಮ್ಮಗ ಕುಂಟುವಾಗ ಪಕ್ಕದ ಮನೆ ನೆಟ್ಟಗೆ ಉಳಿದದ್ದೇಕೆ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ‘ಕೌಟುಂಬಿಕ’ ಸಂಧಿವಾತವೆಂದೇ ಕರೆದರು. ಮುಂದೆ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ರೋಗಿಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗದಲ್ಲಿ ಮೂರು ಬಗೆ ಕಂಡವು: ಎತ್ತರ ಸರಿಯಿದ್ದು ಸೊಂಟದ ಕೀಲು ಮಾತ್ರ ಹಾಳಾಗುವುದು, ಕೀಲಿನ ದೋಷದೊಂದಿಗೆ ಎತ್ತರವೂ ಕುಗ್ಗುವುದು, ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ತುದಿಗಳೆರಡೂ ವಿಕಾರಗೊಂಡು ಕುಬ್ಜತೆ ಉಂಟಾಗುವುದು. ಸಂಧಿವಾತದಂತೆ ಕಂಡದ್ದು ನಿಜವಾಗಿ ಮೂಳೆಯ ಬೆಳವಣಿಗೆಯಲ್ಲೇ ಇದ್ದ ಆನುವಂಶಿಕ ದೋಷ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿಯ ಕೀಲುರೋಗವನ್ನು 1997ರಲ್ಲಿ ಹಂದಿಗೋಡಿನದರ ಪಕ್ಕದಲ್ಲಿಟ್ಟು ತಜ್ಞರು ತಾಳೆ ನೋಡಿದ್ದೂ ಉಂಟು.

ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ರೋಗಿಯ ಅಂಗಳದಲ್ಲಿ ನಿಂತು ನೋಡಿದರೆ? ಟೊಯಾಮಾದಲ್ಲಿ ರೋಗದ ಕಾರಣ ಗೊತ್ತಾದಾಗ ಹೊಣೆಗಾರರೂ ಸಿಕ್ಕಿದರು. 1970ರ ದಶಕದ ಆರಂಭದಲ್ಲಿ ನರಳಿದವರು ಗಣಿ ಕಂಪನಿಯ ಮೇಲೆ ಮೊಕದ್ದಮೆ ಗೆದ್ದರು. ಹಂದಿಗೋಡಿನ ಕಾರಣ ವಂಶದಲ್ಲಿದೆ ಎಂದಾಗ ದಾವೆ ಹೂಡುವುದು ಯಾರ ಮೇಲೆ? ‘ಆನುವಂಶಿಕ’ ಎಂಬ ಶಬ್ದ ವೈದ್ಯರ ಬಾಯಲ್ಲಿ ಒಂದು ವಿವರಣೆ. ಊರವರ ಕಿವಿಯಲ್ಲಿ ಅದು ಹಣೆಬರಹವಾಗಿ, ಹೆಣ್ಣು ಕೊಡುವ, ತರುವ ಮಾತಿನ ನಡುವೆ ಕಳಂಕವಾಗಿ ಕೇಳಿಸಬಹುದು. ಮೇಲಾಗಿ ಊರಿನ ಹೆಸರೇ ರೋಗದ ಹೆಸರಾಯಿತು. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿಗೂ 1957ರಲ್ಲಿ ಮಂಗನ ಕಾಯಿಲೆಯಿಂದ ಇದೇ ಗತಿ ಬಂದಿತ್ತು.

ವಂಶದಲ್ಲಿ ಬಂದದ್ದೆಂದರೆ ಕೈಕಟ್ಟಿ ಕೂರಬೇಕೆಂದಲ್ಲ. ಮೂಲದ ದೋಷ ತಿದ್ದಲಾಗದಿದ್ದರೂ ನೋವು ತಗ್ಗಿಸಬಹುದು, ವ್ಯಾಯಾಮದಿಂದ ಸ್ನಾಯುಗಳ ಬಲ ಉಳಿಸಬಹುದು, ತೀರ ಸವೆದ ಸೊಂಟದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯೂ ಇದೆ. ಮದುವೆಗೆ ಮುಂಚೆ, ಮಕ್ಕಳಾಗುವ ಮುಂಚೆ ತಿಳಿವಳಿಕೆಯ ಸಲಹೆ ಕೊಡಬಹುದು. ಹೊಣೆಗಾರ ಕಂಪನಿ ಇಲ್ಲದ ಕಡೆ ಸಮಾಜ ಮತ್ತು ಸರ್ಕಾರದ ಹೊಣೆ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ.

ಘಟ್ಟದ ಕೆಳಗಿನ ಊರುಗಳ ಮಂಡಿನೋವಿಗೂ ಇದರಲ್ಲೊಂದು ಪಾಠವಿದೆ. ‘ವಾತ’ ಎಂದು ಸುಮ್ಮನಾದರೆ ಸವೆತವೂ ಸೋಂಕೂ ಒಂದೇ ಸಾಲಿನಲ್ಲಿ ಕೂರುತ್ತವೆ. ಯಾವಾಗ ನೋಯುತ್ತದೆ, ಎಲ್ಲಿ ನೋಯುತ್ತದೆ, ಮನೆಯಲ್ಲಿ ಇನ್ನಾರಿಗಿದೆ ಎಂಬ ಮೂರು ಪ್ರಶ್ನೆಗಳಿಗೆ ಖರ್ಚೇನೂ ಇಲ್ಲ. ಕೇಳುವವರಿಗೆ ವ್ಯವಧಾನ ಬೇಕು. ಹೇಳುವವರಿಗೆ ಸಂಕೋಚ ಇರಬಾರದು.