ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಲ್ಯಾಂಪ್‌ಶೇಡ್: ಮೊದಲು ಬಲ್ಬ್ ಆರಿಸಿ, ಆಮೇಲೆ ಬಟ್ಟೆ

ಬಾಡಿಗೆ ಮನೆಯಲ್ಲಿ ಗೋಡೆಯ ಬಣ್ಣ ಬದಲಿಸುವಂತಿಲ್ಲ, ಡ್ರಿಲ್ ಮಾಡಿದರೆ ಮಾಲೀಕರು ಸುಮ್ಮನಿರುವುದಿಲ್ಲ. ಮುಂಬೈ, ಪುಣೆ, ಹೈದರಾಬಾದ್‌ನಂಥ ನಗರಗಳಲ್ಲಿ ಚಿಕ್ಕ ಫ್ಲ್ಯಾಟ್‌ನಲ್ಲಿ ಇರುವವರಿಗೆಲ್ಲ ಇದು ಗೊತ್ತಿರುವ ಮಾತೇ. ಆದರೆ ಮನೆಯ ಬೆಳಕನ್ನು ಬದಲಿಸಲು ಯಾರ ಅನುಮತಿಯೂ ಬೇಕಿಲ್ಲ. ಬಿಳಿ ಟ್ಯೂಬ್‌ಲೈಟ್ ಆರಿಸಿ ಮೂಲೆಯಲ್ಲೊಂದು ಶೇಡ್ ಇರುವ ದೀಪ ಹಚ್ಚಿದರೆ ಅದೇ ಕೋಣೆ ಬೇರೆಯಾಗಿ ಕಾಣುತ್ತದೆ.

ಅಂಗಡಿಯ ಲ್ಯಾಂಪ್‌ಶೇಡ್‌ಗಳ ಬೆಲೆ ಹೆಚ್ಚು ಎನಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಸೆಣಬಿನ ಹುರಿ, ಹಳೆಯ ಕಾಟನ್ ಸೀರೆ ಅಥವಾ ಬಿದಿರಿನ ಬುಟ್ಟಿ ಸಾಕು. ಇವೆಲ್ಲವೂ ಬೆಂಕಿ ಹಿಡಿಯುವ ವಸ್ತುಗಳು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಮೊದಲು ಒಳ್ಳೆಯ ಬಲ್ಬ್ ಮತ್ತು ಹೋಲ್ಡರ್‌ಗೆ ಖರ್ಚು ಮಾಡಿ, ಉಳಿದದ್ದರಲ್ಲಿ ಅಲಂಕಾರ ಮಾಡುವುದೇ ಸರಿಯಾದ ಕ್ರಮ.

ನಮಗೆ ಹೊಸದಲ್ಲ

ದೀಪಕ್ಕೆ ಗೂಡು ಕಟ್ಟುವುದು ಕನ್ನಡಿಗರಿಗೆ ಹೊಸ ವಿಷಯವಲ್ಲ. ದೀಪಾವಳಿ ಬಂದರೆ ಕರಾವಳಿಯ ಮನೆಗಳಲ್ಲಿ ಬಿದಿರಿನ ಕಡ್ಡಿ, ಬಣ್ಣದ ಕಾಗದದಿಂದ ಗೂಡುದೀಪ ಮಾಡುತ್ತಾರೆ. ಮುಂಬೈಯಲ್ಲಿ ಅದನ್ನೇ ಹೋಲುವ ಆಕಾಶ ಕಂದೀಲು ಬಾಲ್ಕನಿಗಳಲ್ಲಿ ತೂಗುತ್ತದೆ. ಆಂಧ್ರಪ್ರದೇಶದ ಧರ್ಮಾವರಂ ಬಳಿಯ ನಿಮ್ಮಲಕುಂಟ ಗ್ರಾಮದಲ್ಲಿ ತೊಗಲುಬೊಂಬೆ ಕಲಾವಿದರು ಅದೇ ಚರ್ಮದಿಂದ ಲ್ಯಾಂಪ್‌ಶೇಡ್‌ಗಳನ್ನೂ ತಯಾರಿಸುತ್ತಾರೆ. ಈ ಗ್ರಾಮದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿತ್ತು. ಹದ ಮಾಡಿದ ತೆಳು ಚರ್ಮದ ಮೂಲಕ ಬೆಳಕು ಹಾಯುವುದರಿಂದ ಬೊಂಬೆಯ ಬಣ್ಣ ಪರದೆಯ ಮೇಲೆ ಮೂಡುತ್ತದೆ, ಶೇಡ್‌ನಲ್ಲೂ ಅದೇ ಗುಣ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಶೇಡ್‌ಗೆ ಬಟ್ಟೆ ಅಥವಾ ಕಾಗದ ಆರಿಸುವಾಗಲೂ ಇದನ್ನೇ ಪರೀಕ್ಷಿಸಿ. ಅದನ್ನು ಉರಿಯುವ ಬಲ್ಬ್‌ನಿಂದ ಒಂದು ಅಡಿ ದೂರದಲ್ಲಿ ಹಿಡಿದು ನೋಡಿ. ಬೆಳಕು ಹರಡಿಕೊಂಡು ಕಾಣಬೇಕು, ಆದರೆ ಬಲ್ಬ್‌ನ ಆಕಾರ ಕಾಣಬಾರದು. ಕಡು ಬಣ್ಣದ ದಪ್ಪ ಬಟ್ಟೆ ಬೆಳಕನ್ನು ನುಂಗುತ್ತದೆ. ಬಿಳಿ, ಕೆನೆ, ತಿಳಿ ಹಳದಿ ಬಣ್ಣಗಳು ಚೆನ್ನಾಗಿ ಹೊಂದುತ್ತವೆ.

ಯಾವ ಬಲ್ಬ್ ಹಾಕಬೇಕು?

ಹಳೆಯ ಫಿಲಮೆಂಟ್ ಬಲ್ಬ್ ಬಳಸುವ ವಿದ್ಯುತ್ತಿನಲ್ಲಿ ಶೇಕಡಾ 90ರಷ್ಟು ಶಾಖವಾಗಿಯೇ ಹೋಗುತ್ತದೆ. ಅಂಥ 60 ವ್ಯಾಟ್ ಬಲ್ಬ್‌ನ ಗಾಜು 100 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಬಹುದು. ಬಟ್ಟೆ, ಕಾಗದ, ಹುರಿ ಅದಕ್ಕೆ ತಾಗಿಕೊಂಡಿದ್ದರೆ ಮೊದಲು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಹೊತ್ತಿಕೊಳ್ಳುವ ಅಪಾಯವಿದೆ. ಆದ್ದರಿಂದ ಮನೆಯಲ್ಲಿ ಮಾಡಿದ ಶೇಡ್‌ಗೆ ಎಲ್‌ಇಡಿ ಬಲ್ಬ್ ಮಾತ್ರ ಹಾಕಬೇಕು. ಹ್ಯಾಲೋಜನ್ ಬಲ್ಬ್ ಕೂಡ ಬೇಡ.

ಹಾಸಿಗೆ ಪಕ್ಕದ ದೀಪಕ್ಕೆ 5 ವ್ಯಾಟ್ ಎಲ್‌ಇಡಿ ಸಾಕು. ಹಾಲ್‌ನ ಮೂಲೆಗೆ 7ರಿಂದ 9 ವ್ಯಾಟ್ ಇರಲಿ. 9 ವ್ಯಾಟ್ ಎಲ್‌ಇಡಿ ಹಳೆಯ 60 ವ್ಯಾಟ್ ಬಲ್ಬ್‌ನಷ್ಟು ಬೆಳಕು ಕೊಡುತ್ತದೆ. ಪೆಟ್ಟಿಗೆಯ ಮೇಲೆ ‘ವಾರ್ಮ್ ವೈಟ್’ ಅಥವಾ 2700ಕೆ, 3000ಕೆ ಎಂದಿದ್ದರೆ ಹಳದಿ ಛಾಯೆಯ ಬೆಳಕು. 6500ಕೆ ಎಂದಿದ್ದರೆ ಟ್ಯೂಬ್‌ಲೈಟ್‌ನಂಥ ಬಿಳಿ ಬೆಳಕು, ಅದು ಶೇಡ್‌ಗೆ ಅಷ್ಟು ಒಪ್ಪುವುದಿಲ್ಲ. ಬಿಐಎಸ್ ನೋಂದಣಿ ಸಂಖ್ಯೆ ಇರುವ ಬಲ್ಬನ್ನೇ ಕೊಳ್ಳಿ.

ಕರೆಂಟ್ ಬಿಲ್ ಲೆಕ್ಕವೂ ಸುಲಭ. 5 ವ್ಯಾಟ್ ಎಲ್‌ಇಡಿಯನ್ನು ದಿನಕ್ಕೆ 5 ಗಂಟೆ ಉರಿಸಿದರೆ ಒಂದು ಯೂನಿಟ್ ಖರ್ಚಾಗಲು 40 ದಿನ ಬೇಕು. ಅದೇ 40 ದಿನಗಳಲ್ಲಿ 60 ವ್ಯಾಟ್ ಫಿಲಮೆಂಟ್ ಬಲ್ಬ್ 12 ಯೂನಿಟ್ ತಿನ್ನುತ್ತದೆ.

ಹೋಲ್ಡರ್, ವೈರ್, ಸ್ವಿಚ್, ಪ್ಲಗ್ ಒಟ್ಟಿಗೆ ಜೋಡಿಸಿದ ಸೆಟ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ. ಅನುಭವ ಇಲ್ಲದವರು ವೈರ್ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಹೋಗದಿರುವುದು ಒಳ್ಳೆಯದು.

ವಿಧಾನ 1: ಸೆಣಬಿನ ಹುರಿಯ ಗೋಳ

ಬೇಕಾಗುವ ವಸ್ತುಗಳು: 25ರಿಂದ 30 ಸೆಂ.ಮೀ. ಅಗಲಕ್ಕೆ ಊದುವ ಬಲೂನ್, ತೆಳುವಾದ ಸೆಣಬಿನ ಹುರಿ ಸುಮಾರು 80 ಮೀಟರ್, ಫೆವಿಕಾಲ್‌ನಂಥ ಬಿಳಿ ಅಂಟು, ಅಡುಗೆಮನೆಯಲ್ಲಿ ಪಾತ್ರೆ ಮುಚ್ಚಲು ಬಳಸುವ ಕ್ಲಿಂಗ್ ಫಿಲ್ಮ್, ಸ್ಕೆಚ್ ಪೆನ್.

1. ಬಲೂನ್ ಊದಿ ಗಂಟು ಹಾಕಿ, ಕ್ಲಿಂಗ್ ಫಿಲ್ಮ್ ಸುತ್ತಿ. ಬಲೂನ್‌ಗೆ ಎಣ್ಣೆ ಸವರುವವರೂ ಇದ್ದಾರೆ. ಆದರೆ ಎಣ್ಣೆ ತಾಗಿದ ರಬ್ಬರ್ ದುರ್ಬಲವಾಗಿ, ಅಂಟು ಒಣಗುವ ಮೊದಲೇ ಬಲೂನ್ ಒಡೆಯಬಹುದು.

2. ಗಂಟಿನ ಸುತ್ತ 12 ಸೆಂ.ಮೀ. ಅಗಲದ ವೃತ್ತ ಬರೆಯಿರಿ. ಇಲ್ಲಿ ಹುರಿ ಸುತ್ತಬಾರದು. ಬಲ್ಬ್ ಬದಲಿಸಲು ಕೈ ಹೋಗುವಷ್ಟು ಜಾಗ ಇರಲೇಬೇಕು. ಇದರ ನೇರಕ್ಕೆ ಎದುರು ತುದಿಯಲ್ಲಿ ಹೋಲ್ಡರ್‌ನ ಕುತ್ತಿಗೆ ಹಿಡಿಸುವಷ್ಟು ಚಿಕ್ಕ ವೃತ್ತ ಬರೆಯಿರಿ.

3. ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ. ಹುರಿಯನ್ನು ಅದರಲ್ಲಿ ಅದ್ದುತ್ತ, ಹೆಚ್ಚಾದ ಅಂಟನ್ನು ಬೆರಳಿನಿಂದ ಹಿಂಡುತ್ತ ಎಲ್ಲ ದಿಕ್ಕಿಗೂ ಸುತ್ತಿ. ಎಳೆಗಳು ಒಂದರ ಮೇಲೊಂದು ಹಾದಷ್ಟೂ ಗೋಳ ಗಟ್ಟಿಯಾಗುತ್ತದೆ.

4. ಗಾಳಿಯಾಡುವ ಕಡೆ ತೂಗುಹಾಕಿ ಒಣಗಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು. ಮುಂಬೈನಂಥ ಊರಿನ ಮಳೆಗಾಲದಲ್ಲಿ ಎರಡು ಮೂರು ದಿನ ಕಾಯಬೇಕು. ಅವಸರ ಮಾಡಿದರೆ ಗೋಳ ಕುಸಿಯುತ್ತದೆ.

5. ಹುರಿ ಪೂರ್ತಿ ಗಟ್ಟಿಯಾದ ಮೇಲೆ ಗಂಟಿನ ಬಳಿ ಚಿಕ್ಕ ರಂಧ್ರ ಮಾಡಿ ಗಾಳಿಯನ್ನು ನಿಧಾನವಾಗಿ ಬಿಡಿ. ನಂತರ ಬಲೂನ್ ಮತ್ತು ಫಿಲ್ಮ್ ಎಳೆದು ತೆಗೆಯಿರಿ.

ವಿಧಾನ 2: ಹಳೆಯ ಸೀರೆಯ ಡ್ರಮ್ ಶೇಡ್

ಕಸೂತಿ ಹಾಕಲು ಬಳಸುವ ಎರಡು ರಿಂಗ್‌ಗಳೇ ಇದರ ಚೌಕಟ್ಟು. ಎರಡೂ ಒಂದೇ ಅಳತೆಯವು ಇರಬೇಕು. 20 ಸೆಂ.ಮೀ. ಅಗಲದ ರಿಂಗ್ ಆದರೆ ಸುತ್ತಳತೆ 20 × 3.14, ಅಂದರೆ 62.8 ಸೆಂ.ಮೀ. ಅಂಟಿಸಲು 2 ಸೆಂ.ಮೀ. ಸೇರಿಸಿದರೆ ಸುಮಾರು 65 ಸೆಂ.ಮೀ. ಸ್ಟೇಷನರಿ ಅಂಗಡಿಯ ಒಂದು ದಪ್ಪ ಬಿಳಿ ಚಾರ್ಟ್ ಶೀಟ್‌ನಲ್ಲಿ ಇಷ್ಟು ಉದ್ದ ಸಿಗುತ್ತದೆ. ಎತ್ತರ 18ರಿಂದ 20 ಸೆಂ.ಮೀ. ಇರಲಿ.

ಚಾರ್ಟ್ ಶೀಟ್ ಅನ್ನು ಈ ಅಳತೆಗೆ ಕತ್ತರಿಸಿ. ಇಸ್ತ್ರಿ ಮಾಡಿದ ಕಾಟನ್ ಸೀರೆ ಅಥವಾ ದುಪಟ್ಟಾವನ್ನು ಅದರ ಮೇಲೆ ಅಂಟಿಸಿ. ಮೇಲೆ ಕೆಳಗೆ ಬಟ್ಟೆ 2 ಸೆಂ.ಮೀ. ಹೆಚ್ಚಿರಲಿ. ಅಂಟು ತೆಳುವಾಗಿ ಹಚ್ಚದಿದ್ದರೆ ದೀಪ ಹಚ್ಚಿದಾಗ ಕಲೆಯಂತೆ ಕಾಣುತ್ತದೆ. ಒಣಗಿದ ಮೇಲೆ ಎರಡೂ ಅಂಚಿಗೆ ರಿಂಗ್ ಕೂರಿಸಿ, ಹೆಚ್ಚಿದ ಬಟ್ಟೆಯನ್ನು ಒಳಕ್ಕೆ ಮಡಚಿ ಅಂಟಿಸಿ. ಜೋಡಣೆ ಗಟ್ಟಿಯಾಗುವವರೆಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿಡಿ. ಸೀರೆಯ ಅಂಚನ್ನು ಕತ್ತರಿಸಿ ಕೆಳಗಿನ ರಿಂಗ್‌ನ ಸುತ್ತ ಅಂಟಿಸಿದರೆ ಬೇರೆ ಲೇಸ್ ಕೊಳ್ಳುವ ಅಗತ್ಯವಿಲ್ಲ.

ಮೇಲಿನ ರಿಂಗ್‌ಗೆ ಅಡ್ಡಲಾಗಿ ಗಟ್ಟಿ ತಂತಿ ಕಟ್ಟಿ, ನಡುವೆ ಹೋಲ್ಡರ್‌ನ ಕುತ್ತಿಗೆ ಹಿಡಿಸುವಂತೆ ಒಂದು ಸುತ್ತು ಬಾಗಿಸಿ. ಈ ಶೇಡ್ ಅನ್ನು ತೂಗುದೀಪಕ್ಕೂ ಟೇಬಲ್ ದೀಪಕ್ಕೂ ಬಳಸಬಹುದು. ಟೇಬಲ್ ದೀಪವಾದರೆ ಶೇಡ್‌ನ ಎತ್ತರ ಸ್ಟ್ಯಾಂಡ್‌ನ ಎತ್ತರದ ಮೂರನೇ ಎರಡರಷ್ಟಿದ್ದರೆ ನೋಡಲು ಚೆಂದ. ಕುಳಿತಾಗ ಶೇಡ್‌ನ ಕೆಳ ಅಂಚು ಕಣ್ಣಿನ ಮಟ್ಟಕ್ಕೆ ಬಂದರೆ ಬಲ್ಬ್ ಕಣ್ಣಿಗೆ ಹೊಡೆಯುವುದಿಲ್ಲ.

ವಿಧಾನ 3: ಬಿದಿರಿನ ಬುಟ್ಟಿ

ಸಮಯ ಇಲ್ಲದವರಿಗೆ ಇದೇ ಸುಲಭ. ಹೆಣಿಗೆ ಸಡಿಲವಾಗಿರುವ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ತಳದ ನಡುವೆ ಹೋಲ್ಡರ್ ಹಿಡಿಸುವಷ್ಟು ರಂಧ್ರ ಮಾಡಿದರೆ ಶೇಡ್ ಸಿದ್ಧ. ಕತ್ತರಿಸಿದ ಜಾಗದಲ್ಲಿ ಸಿಬಿರು ಏಳದಂತೆ ಹುರಿ ಸುತ್ತಿ ಅಂಟಿಸಿ. ಹೆಣಿಗೆಯ ನೆರಳು ಗೋಡೆಯ ಮೇಲೆ ಬೀಳುವುದೇ ಇದರ ಅಂದ. ಊರಿಗೆ ಹೋದಾಗ ಮೇದರ ಕೇರಿಯಿಂದ ಬುಟ್ಟಿ ತಂದರೆ ಹೆಣೆಯುವವರ ಕೈಗೂ ನಾಲ್ಕು ಕಾಸು ಸೇರುತ್ತದೆ. ಬುಟ್ಟಿ ಭಾರವಿದ್ದರೆ ವೈರ್‌ನ ಮೇಲೆ ಭಾರ ಬಿಡದೆ, ಬೇರೆ ಹಗ್ಗ ಕಟ್ಟಿ ಕೊಕ್ಕೆಗೆ ತೂಗುಹಾಕಿ.

ಎಷ್ಟು ಖರ್ಚಾಗಬಹುದು?

ಬೆಲೆ ನಗರಕ್ಕೆ, ಅಂಗಡಿಗೆ ತಕ್ಕಂತೆ ಬದಲಾಗುತ್ತದೆ. ಅಂದಾಜಿಗೆ ಎಲ್‌ಇಡಿ ಬಲ್ಬ್‌ಗೆ 100 ರೂಪಾಯಿ, ಹೋಲ್ಡರ್ ಸೆಟ್‌ಗೆ 150ರಿಂದ 200 ರೂಪಾಯಿ, ಹುರಿ ಮತ್ತು ಅಂಟಿಗೆ 150 ರೂಪಾಯಿ ಇಟ್ಟುಕೊಂಡರೆ ಒಟ್ಟು 450 ರೂಪಾಯಿ ಒಳಗೆ ಕೆಲಸ ಮುಗಿಯುತ್ತದೆ. ಮನೆಯಲ್ಲೇ ಹಳೆಯ ಸೀರೆ ಇದ್ದರೆ ಇನ್ನೂ ಕಡಿಮೆ. ಹಣ ಉಳಿಸಬೇಕೆಂದರೆ ಹುರಿ, ಬಟ್ಟೆ, ಬಣ್ಣದಲ್ಲಿ ಉಳಿಸಿ. ವೈರ್ ಮತ್ತು ಹೋಲ್ಡರ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ಹಚ್ಚುವ ಮೊದಲು ಇವನ್ನು ನೋಡಿ

* ಬಲ್ಬ್ ಮತ್ತು ಶೇಡ್ ನಡುವೆ ಎಲ್ಲ ಕಡೆಯೂ ಕನಿಷ್ಠ 5 ಸೆಂ.ಮೀ. ಅಂತರ ಇರಲಿ.

* ಬಟ್ಟೆ, ಕಾಗದದ ಶೇಡ್‌ನ ಮೇಲ್ಭಾಗ ಮುಚ್ಚಬೇಡಿ. ಎಲ್‌ಇಡಿಯ ಬುಡವೂ ಬಿಸಿಯಾಗುತ್ತದೆ, ಆ ಶಾಖ ಮೇಲಕ್ಕೆ ಹೋಗಲು ದಾರಿ ಬೇಕು.

* ಥರ್ಮಾಕೋಲ್ ಬಳಸಬೇಡಿ. ಅದು ಶಾಖಕ್ಕೆ ಬೇಗ ಕರಗುತ್ತದೆ, ಹೊತ್ತಿಕೊಂಡರೆ ದಟ್ಟ ಹೊಗೆ ಬರುತ್ತದೆ.

* ಮೊದಲ ಸಲ ಹಚ್ಚಿದಾಗ ಅರ್ಧ ಗಂಟೆ ಪಕ್ಕದಲ್ಲೇ ಇರಿ. ಆಮೇಲೆ ಶೇಡ್‌ನ ಹೊರಗೆ ಕೈಯಿಟ್ಟು ನೋಡಿ. ಬಿಸಿ ತಾಗಿದರೆ, ಬಣ್ಣ ಬದಲಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಆರಿಸಿ, ಕಡಿಮೆ ವ್ಯಾಟ್‌ನ ಬಲ್ಬ್ ಹಾಕಿ ಅಥವಾ ಶೇಡ್ ದೊಡ್ಡದು ಮಾಡಿ.

* ಕಿಟಕಿ ಪರದೆ, ಸೊಳ್ಳೆ ಪರದೆಯಿಂದ ದೂರ ಇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ವೈರ್ ಕೈಗೆ ಸಿಗದಂತೆ ಗೋಡೆಯ ಬದಿಗೆ ಹಾಯಿಸಿ.

* ಹೊರಗೆ ಹೋಗುವಾಗ, ಮಲಗುವಾಗ ಆರಿಸುವುದನ್ನು ಮರೆಯಬೇಡಿ.

ಹದಿನೈದು ದಿನಕ್ಕೊಮ್ಮೆ ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಧೂಳು ಒರೆಸಿ. ಬಿಳಿ ಅಂಟಿನಿಂದ ಮಾಡಿದ ಶೇಡ್‌ಗೆ ಒದ್ದೆ ಬಟ್ಟೆ ತಾಗಿಸಿದರೆ ಅಂಟು ಮೆತ್ತಗಾಗುತ್ತದೆ. ಇದೇ ಕಾರಣಕ್ಕೆ ಮಳೆ ನೀರು ಸಿಡಿಯುವ ಬಾಲ್ಕನಿಗೂ ಇವು ಸೂಕ್ತವಲ್ಲ. ಮನೆ ಬದಲಿಸುವಾಗ ಬಲ್ಬ್ ತೆಗೆದು ಶೇಡ್ ಒಳಗೆ ಹಳೆಯ ಬಟ್ಟೆ ತುಂಬಿ ಪ್ಯಾಕ್ ಮಾಡಿದರೆ ಮುರಿಯದೆ ಹೊಸ ಮನೆ ತಲುಪುತ್ತದೆ.