ವ್ಯಾಪಾರ ಸಂಸ್ಥೆಗಳಿಗೆ ದೂರವಾಣಿ ಸೇವೆ ಮತ್ತು ಸುರಕ್ಷಿತ ಸಂದೇಶ ಸೇವೆ: ತುಲನಾತ್ಮಕ ಮಾಹಿತಿ

ಸಣ್ಣ ಕೈಗಾರಿಕಾ ಘಟಕಗಳು, ಸಗಟು ವ್ಯಾಪಾರಿಗಳು ಹಾಗೂ ಸೇವಾ ಸಂಸ್ಥೆಗಳು ಗ್ರಾಹಕರೊಡನೆ ಎರಡು ಮಾರ್ಗಗಳಲ್ಲಿ ಸಂಪರ್ಕವಿರಿಸಿಕೊಳ್ಳುತ್ತವೆ. ಮೊದಲನೆಯದು, ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಗಳು ಒದಗಿಸುವ ದೂರವಾಣಿ ಸೇವೆ. ಎರಡನೆಯದು, ಅಂತರ್ಜಾಲದ ಮೂಲಕ ನಡೆಯುವ ಸಂದೇಶ ಸೇವೆ. ಮಾಸಿಕ ವೆಚ್ಚವೊಂದನ್ನೇ ಹೋಲಿಸಿ ದೂರವಾಣಿಯನ್ನು ಕೈಬಿಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

ದೂರವಾಣಿ ಸೇವೆಗಳು

ಹೆಚ್ಚು ಕರೆಗಳನ್ನು ಸ್ವೀಕರಿಸುವ ಕಚೇರಿಗಳಿಗೆ ಪಿ.ಆರ್.ಐ. ಸಂಪರ್ಕ ಲಭ್ಯವಿದ್ದು, ಇದರಲ್ಲಿ ಒಂದೇ ತಂತಿಯ ಮೇಲೆ ಏಕಕಾಲಕ್ಕೆ 30 ಕರೆಗಳು ನಡೆಯಬಲ್ಲವು. ಅಂತರ್ಜಾಲ ಆಧಾರಿತ ಎಸ್.ಐ.ಪಿ. ಸಂಪರ್ಕವು ಇದರ ಸ್ಥಾನವನ್ನು ಕ್ರಮೇಣ ತೆಗೆದುಕೊಳ್ಳುತ್ತಿದೆ. 1800 ರಿಂದ ಆರಂಭವಾಗುವ ಸಂಖ್ಯೆಗೆ ಕರೆ ಮಾಡುವವರು ಶುಲ್ಕ ತೆರಬೇಕಾಗಿಲ್ಲ. ಅದನ್ನು ಸಂಸ್ಥೆಯೇ ಭರಿಸುತ್ತದೆ. ಪ್ರಚಾರದ ಕರೆಗಳಿಗೆ 140 ಸರಣಿಯನ್ನು ಮೀಸಲಿಡಲಾಗಿದ್ದು, ಸೇವಾ ಹಾಗೂ ವಹಿವಾಟು ಸಂಬಂಧಿತ ಕರೆಗಳಿಗೆ 2024 ರಲ್ಲಿ 160 ಸರಣಿಯನ್ನು ನಿಗದಿಪಡಿಸಲಾಯಿತು. ವಾಣಿಜ್ಯ ಎಸ್.ಎಂ.ಎಸ್. ಕಳುಹಿಸುವವರು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018 ರ ವಿನಿಯಮಗಳನ್ವಯ ಕಳುಹಿಸುವವರ ಹೆಸರು ಮತ್ತು ಸಂದೇಶದ ಮಾದರಿಯನ್ನು ಮುಂಚಿತವಾಗಿ ನೋಂದಾಯಿಸತಕ್ಕದ್ದು.

ತಾಮ್ರದ ತಂತಿಯ ಸ್ಥಿರ ದೂರವಾಣಿಗೆ ವಿದ್ಯುತ್ತು ವಿನಿಮಯ ಕೇಂದ್ರದಿಂದಲೇ ಬರುತ್ತದೆ. ಆಪ್ಟಿಕಲ್ ಫೈಬರ್ ಸಂಪರ್ಕಕ್ಕೆ ಅಂಗಡಿಯಲ್ಲಿಯೇ ವಿದ್ಯುತ್ತು ಬೇಕು. ವಿದ್ಯುತ್ ಕಡಿತವಿರುವ ಊರುಗಳಲ್ಲಿ ಇದು ಸಣ್ಣ ವ್ಯತ್ಯಾಸವೇನಲ್ಲ.

ಸಂದೇಶ ಸೇವೆಗಳು

ಸಾಮಾನ್ಯ ದೂರವಾಣಿ ಕರೆ ಮತ್ತು ಎಸ್.ಎಂ.ಎಸ್. ದೂರಸಂಪರ್ಕ ಸಂಸ್ಥೆಯ ಜಾಲದೊಳಗೆ ಓದಬಹುದಾದ ರೂಪದಲ್ಲಿಯೇ ಸಾಗುತ್ತವೆ. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂಬ ಗೂಢಲಿಪಿ ವ್ಯವಸ್ಥೆಯಲ್ಲಾದರೋ ಕಳುಹಿಸಿದವರು ಹಾಗೂ ಸ್ವೀಕರಿಸುವವರ ಹೊರತು ನಡುವಿನ ಯಾರೂ, ಸೇವೆ ನೀಡುವ ಕಂಪನಿಯೂ ಸಹ, ಸಂದೇಶವನ್ನು ಓದಲಾರರು. ಸಿಗ್ನಲ್‌ನಲ್ಲಿ ಎಲ್ಲ ಸಂದೇಶಗಳಿಗೂ ಈ ರಕ್ಷಣೆಯಿದೆ. ವಾಟ್ಸ್ಆ್ಯಪ್ 2016 ರಲ್ಲಿ ವೈಯಕ್ತಿಕ ಹಾಗೂ ಗುಂಪು ಸಂದೇಶಗಳೆರಡಕ್ಕೂ ಇದನ್ನು ಅಳವಡಿಸಿತು. ಟೆಲಿಗ್ರಾಂನಲ್ಲಿ 'ರಹಸ್ಯ ಸಂಭಾಷಣೆ' ಎಂಬ ಪ್ರತ್ಯೇಕ ಆಯ್ಕೆಗೆ ಮಾತ್ರ ಇದು ಅನ್ವಯಿಸುತ್ತದೆ, ಗುಂಪುಗಳಿಗೆ ಇಲ್ಲ. ಎಲ್ಲ ಸೇವೆಗಳೂ ಸಮಾನವಾಗಿ ಸುರಕ್ಷಿತವೆಂಬ ಭಾವನೆ ತಪ್ಪು.

ಗೂಢಲಿಪಿಯು ದಾರಿಯಲ್ಲಿನ ಕಾವಲು ಮಾತ್ರ. ಬಾಗಿಲು ತೆರೆದಿರುವ ಫೋನಿಗೆ ಅದು ರಕ್ಷಣೆಯಲ್ಲ. ವಾಟ್ಸ್ಆ್ಯಪ್ ಸಂದೇಶಗಳ ಬ್ಯಾಕಪ್ ಪ್ರತಿಗೆ ಗೂಢಲಿಪಿ ಅಳವಡಿಸುವ ಆಯ್ಕೆ 2021 ರಿಂದ ಇದೆಯಾದರೂ ಬಳಕೆದಾರರೇ ಅದನ್ನು ಚಾಲನೆಗೊಳಿಸಬೇಕು.

ಸಂಖ್ಯೆಯ ಒಡೆತನ

ಸಂಸ್ಥೆಗಳು ಅತ್ಯಂತ ಕಡಿಮೆ ಗಮನ ನೀಡುವ ವಿಷಯವಿದು. ಸಂದೇಶ ಸೇವೆಯ ಖಾತೆಯು ದೂರವಾಣಿ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಗುಮಾಸ್ತನ ಸ್ವಂತ ಸಿಮ್ ಮೂಲಕ ಖಾತೆ ತೆರೆದಿದ್ದಲ್ಲಿ, ಆತನು ಕೆಲಸ ಬಿಟ್ಟ ದಿನ ಗ್ರಾಹಕರ ಪಟ್ಟಿ, ದರದ ಮಾತುಕತೆ ಮತ್ತು ಬಾಕಿ ವಿವರಗಳು ಆತನೊಡನೆಯೇ ಹೋಗುತ್ತವೆ. ಮೆಣಸಿನಕಾಯಿ ಮಂಡಿಯೊಂದರ ಹೊರರಾಜ್ಯದ ಖರೀದಿದಾರರೆಲ್ಲ ಆ ಒಂದೇ ಸಂಖ್ಯೆಯನ್ನು ಬಲ್ಲವರಾಗಿದ್ದರೆ, ಅಂಗಡಿಯ ಅರ್ಧ ವ್ಯಾಪಾರವೇ ಎದುರಿನ ಅಂಗಡಿಗೆ ಸಾಗಿದಂತೆ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಚಂದಾದಾರರಾದುದರಿಂದ ಮಾಲೀಕರ ತಕರಾರಿಗೆ ಬಲವಿರುವುದಿಲ್ಲ. ರೀಚಾರ್ಜ್ ಇಲ್ಲದೆ ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳ ತರುವಾಯ ಬೇರೊಬ್ಬರಿಗೆ ನೀಡಬಹುದಾಗಿದೆ ಎಂಬುದನ್ನೂ ಗಮನಿಸತಕ್ಕದ್ದು.

ಆದ್ದರಿಂದ ಸಂಪರ್ಕವನ್ನು ಸಂಸ್ಥೆಯ ಹೆಸರಿನಲ್ಲಿಯೇ ಪಡೆಯುವುದು ಅಗತ್ಯ. ವಾಟ್ಸ್ಆ್ಯಪ್ ಬಿಸಿನೆಸ್ ಖಾತೆಯನ್ನು ಸ್ಥಿರ ದೂರವಾಣಿ ಸಂಖ್ಯೆಯಲ್ಲಿಯೂ ತೆರೆಯಬಹುದು; ದೃಢೀಕರಣ ಸಂಕೇತವು ಧ್ವನಿ ಕರೆಯ ಮೂಲಕ ಬರುತ್ತದೆ. ಹೀಗೆ ಮಾಡಿದಲ್ಲಿ ಬೋರ್ಡಿನ ಮೇಲಿರುವ ಸಂಖ್ಯೆಯೇ ಸಂದೇಶದ ಸಂಖ್ಯೆಯೂ ಆಗುತ್ತದೆ. ಮುಖ್ಯ ಫೋನಿನ ಜೊತೆಗೆ 4 ಉಪಕರಣಗಳನ್ನು ಜೋಡಿಸಲು ಅವಕಾಶವಿರುವುದರಿಂದ ಸಿಬ್ಬಂದಿಯ ಸ್ವಂತ ಸಂಖ್ಯೆ ಬೇಕಾಗುವುದಿಲ್ಲ. ಸ್ಥಿರ ದೂರವಾಣಿಯ ಬಾಡಿಗೆಯನ್ನು ದಂಡದ ಖರ್ಚೆಂದು ಬಗೆಯುವವರು ಈ ಉಪಯೋಗವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಾಖಲೆ

ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಕಲಂ 36 ರನ್ವಯ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಸಂದೇಶದಲ್ಲಿ ಬಂದ ಬೇಡಿಕೆಯು ಬಿಲ್ಲಿಗೆ ಬದಲಿಯಾಗದು. ಆದರೂ ಸಾಲದ ಮಾರಾಟದಲ್ಲಿ ತಕರಾರು ಬಂದಾಗ ಒಪ್ಪಿದ ದರಕ್ಕೆ ಅದೊಂದೇ ಆಧಾರವಾಗಿರುವುದುಂಟು. ಸಂದೇಶಗಳು ತಾವಾಗಿಯೇ ಅಳಿಯುವ ಸೌಲಭ್ಯವನ್ನು ಗ್ರಾಹಕರೊಡನೆ ಬಳಸುವುದು ಈ ಕಾರಣದಿಂದ ಉಚಿತವಲ್ಲ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ರ ಕಲಂ 63 ರಲ್ಲಿ ಹೇಳಿರುವ ಪ್ರಮಾಣಪತ್ರ ಬೇಕಾಗುವುದರಿಂದ, ಮೂಲ ಫೋನನ್ನು ಜೋಪಾನವಾಗಿರಿಸತಕ್ಕದ್ದು. ದೂರವಾಣಿಯಲ್ಲಿ ಆಡಿದ ಮಾತಿಗೆ ಬಿಲ್ಲಿನಲ್ಲಿ ಸಮಯ ಮತ್ತು ಅವಧಿ ಸಿಗುತ್ತದೆಯೇ ಹೊರತು ಮಾತು ಸಿಗುವುದಿಲ್ಲ.

ವಂಚನೆಯ ಬಗ್ಗೆ

ಪರಿಚಿತ ಸರಬರಾಜುದಾರರ ಖಾತೆಯಿಂದ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಣ ಕಳುಹಿಸಿ' ಎಂಬ ಸಂದೇಶ ಬಂದಲ್ಲಿ, ಹಳೆಯ ಬಿಲ್ಲಿನಲ್ಲಿ ಮುದ್ರಿತವಾಗಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸಬೇಕು. ಕಳುಹಿಸಿದವರ ಖಾತೆಯೇ ಪರರ ವಶವಾಗಿದ್ದರೆ ಗೂಢಲಿಪಿಯಿಂದ ಪ್ರಯೋಜನವಿಲ್ಲ. ಖಾತೆಗೆ ಎರಡು ಹಂತದ ದೃಢೀಕರಣದ ರಹಸ್ಯ ಸಂಖ್ಯೆಯನ್ನು ಇಟ್ಟುಕೊಳ್ಳುವುದು ಮತ್ತು ಜೋಡಿಸಲಾದ ಉಪಕರಣಗಳ ಪಟ್ಟಿಯನ್ನು ಆಗಾಗ್ಗೆ ಪರಿಶೀಲಿಸುವುದು ಅವಶ್ಯ. ಹಣ ಕಳೆದುಕೊಂಡವರು ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930 ಕ್ಕೆ ದೂರು ನೀಡಬಹುದು. ಹಣ ಹೋಗದಿದ್ದರೂ ಶಂಕಾಸ್ಪದವೆನಿಸಿದ ಕರೆ ಮತ್ತು ಸಂದೇಶಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿರುವ 'ಚಕ್ಷು' ವಿಭಾಗದಲ್ಲಿ ವರದಿ ಮಾಡಲು ಅವಕಾಶ ಕಲ್ಪಿಸಲಾಗಿದೆ.